ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸ್ತನ್ಯಪಾನದ ಅಂಕಿಗಳು: ಒಂದು ವಿಮರ್ಶೆ

೧

ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಸಭೆಗಳಲ್ಲಿ ನಡೆಯುವ ಉಪನ್ಯಾಸಗಳಲ್ಲಿಯೂ ಒಂದು ವಾಕ್ಯವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: “ಭಾರತದಲ್ಲಿ ನೂರಕ್ಕೆ ೬೩.೭ರಷ್ಟು ತಾಯಂದಿರು ತಮ್ಮ ಮಕ್ಕಳಿಗೆ ಆರು ತಿಂಗಳವರೆಗೆ ಎದೆಹಾಲನ್ನು ಮಾತ್ರ ಕೊಡುತ್ತಾರೆ.” ಈ ಅಂಕಿಯು ೨೦೧೯–೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯದು. ಅಂಕಿಯಲ್ಲಿ ತಪ್ಪಿಲ್ಲ. ಆದರೆ ವಾಕ್ಯದಲ್ಲಿ ತಪ್ಪಿದೆ. ಅದೂ ಒಂದಲ್ಲ, ಮೂರು. ಸಮೀಕ್ಷೆಯು ಎಣಿಸಿದ್ದು ತಾಯಂದಿರನ್ನಲ್ಲ, ಶಿಶುಗಳನ್ನು. ಅದು ಕೇಳಿದ್ದು ಆರು ತಿಂಗಳ ವಿಷಯವನ್ನಲ್ಲ, ಹಿಂದಿನ ಒಂದು ದಿನದ ವಿಷಯವನ್ನು. ಅದಕ್ಕೆ ದೊರೆತದ್ದು “ಕೊಡುತ್ತಾರೆ” ಎಂಬ ಪ್ರತ್ಯಕ್ಷ ಸಂಗತಿಯಲ್ಲ, “ಕೊಟ್ಟೆನು, ಕೊಡಲಿಲ್ಲ” ಎಂಬ ಹೇಳಿಕೆ.

ಇಷ್ಟು ಸೂಕ್ಷ್ಮವನ್ನು ಹಿಡಿದು ಚರ್ಚಿಸುವುದು ಪಂಡಿತರ ಹಟವೆಂದು ಕೆಲವರಿಗೆ ತೋರಬಹುದು. ಹಾಗಲ್ಲವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಮೇಲಿನ ವಾಕ್ಯವನ್ನು ನಂಬಿದವರು, ದೇಶದ ಮೂರರಲ್ಲಿ ಸುಮಾರು ಎರಡು ಪಾಲು ಶಿಶುಗಳ ವಿಷಯದಲ್ಲಿ ಮಾಡಬೇಕಾದ ಕೆಲಸ ಮುಗಿದಿದೆಯೆಂದು ತಿಳಿಯುತ್ತಾರೆ. ವಾಸ್ತವವಾಗಿ ಹಾಗೆ ಮುಗಿದಿಲ್ಲ. ಎಲ್ಲಿ ಮುಗಿದಿಲ್ಲವೆಂಬುದನ್ನು ಅದೇ ಸಮೀಕ್ಷೆಯ ಕೋಷ್ಟಕಗಳು ಹೇಳುತ್ತವೆ. ಆದರೆ ಅವುಗಳನ್ನು ತೆರೆದು ನೋಡುವವರು ವಿರಳ.

೨

ಮೊದಲು ಸಮೀಕ್ಷೆಯ ಸ್ವರೂಪವನ್ನು ಸಂಗ್ರಹವಾಗಿ ಹೇಳುವುದು ಯುಕ್ತ. ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಮಂತ್ರಾಲಯದ ಪರವಾಗಿ ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು ಇದನ್ನು ನಡೆಸುತ್ತ ಬಂದಿದೆ. ೧೯೯೨–೯೩, ೧೯೯೮–೯೯, ೨೦೦೫–೦೬, ೨೦೧೫–೧೬, ೨೦೧೯–೨೧ ಈ ಐದು ಅವಧಿಗಳಲ್ಲಿ ಐದು ಸುತ್ತುಗಳು ನಡೆದುವು. ಮೂರನೆಯ ಸುತ್ತಿನಲ್ಲಿ ಸುಮಾರು ೧ ಲಕ್ಷ ೯ ಸಾವಿರ ಮನೆಗಳನ್ನು ಸಂದರ್ಶಿಸಲಾಗಿತ್ತು. ಐದನೆಯ ಸುತ್ತಿನ ಹೊತ್ತಿಗೆ ಆ ಸಂಖ್ಯೆ ೬,೩೬,೬೯೯ಕ್ಕೆ ಏರಿತು. ಆ ಸುತ್ತಿನಲ್ಲಿ ಸಂದರ್ಶನ ಕೊಟ್ಟ ಸ್ತ್ರೀಯರೇ ೭,೨೪,೧೧೫ ಮಂದಿ. ಬೃಹತ್ತಾದ ಈ ಕಾರ್ಯವನ್ನು ಲಘುವಾಗಿ ಕಾಣುವುದು ನಮ್ಮ ಅಭಿಪ್ರಾಯವಲ್ಲ. ನಮ್ಮ ದೇಶದ ಶಿಶುಗಳು ಏನನ್ನು ಕುಡಿಯುತ್ತವೆ ಎಂಬ ಪ್ರಶ್ನೆಗೆ ಇದಕ್ಕಿಂತ ವಿಸ್ತಾರವಾದ ಉತ್ತರವನ್ನು ಬೇರೆ ಯಾವ ಪ್ರಯತ್ನವೂ ಕೊಟ್ಟಿಲ್ಲ. ಆದ್ದರಿಂದಲೇ ಇದು ವಿಮರ್ಶೆಗೆ ಅರ್ಹವಾದುದು.

ಸ್ತನ್ಯಪಾನದ ವಿಷಯದಲ್ಲಿ ಈ ಸಮೀಕ್ಷೆಯಿಂದ ಹೊರಡುವ ಅಂಕಿಗಳಲ್ಲಿ ಎರಡು ಮುಖ್ಯವಾದುವು. ಜನಿಸಿದ ಒಂದು ಗಂಟೆಯೊಳಗೆ ಮೊಲೆಯುಂಡ ಮಕ್ಕಳ ಪ್ರಮಾಣ ಒಂದು. ಆರು ತಿಂಗಳೊಳಗಿನ ಶಿಶುಗಳಲ್ಲಿ ಕೇವಲ ಎದೆಹಾಲನ್ನು ಕುಡಿಯುತ್ತಿರುವವುಗಳ ಪ್ರಮಾಣ ಮತ್ತೊಂದು. “ಕೇವಲ” ಎಂಬ ಮಾತಿಗೆ ಇಲ್ಲಿ ಕಟ್ಟುನಿಟ್ಟಾದ ಅರ್ಥವಿದೆ. ವಿಶ್ವ ಆರೋಗ್ಯ ಸಂಸ್ಥೆಯ ನಿರೂಪಣೆಯ ಪ್ರಕಾರ ಔಷಧದ ಹನಿಗಳು, ವಿಟಮಿನ್ ಮತ್ತು ಖನಿಜಗಳ ಪಾನಕ, ಭೇದಿಯಾದಾಗ ಕೊಡುವ ಸಕ್ಕರೆ–ಉಪ್ಪಿನ ದ್ರಾವಣ ಇವುಗಳಿಗೆ ಅನುಮತಿಯುಂಟು, ನೀರಿಗೆ ಇಲ್ಲ. ಒಂದು ಚಮಚ ನೀರು ಕುಡಿದ ಶಿಶುವು ಆ ದಿನದ ಮಟ್ಟಿಗೆ “ಕೇವಲ” ಎಂಬ ಪಂಕ್ತಿಯಿಂದ ಹೊರಗುಳಿಯುತ್ತದೆ.

ಪ್ರಶ್ನೆ ಕೇಳುವ ಕ್ರಮವನ್ನು ಇಲ್ಲಿ ಗಮನಿಸಬೇಕು. “ನೀವು ಮಗುವಿಗೆ ಎದೆಹಾಲನ್ನು ಮಾತ್ರ ಕೊಡುತ್ತೀರಾ?” ಎಂದು ಸಂದರ್ಶಕಿಯು ಯಾವ ತಾಯಿಯನ್ನೂ ಕೇಳುವುದಿಲ್ಲ. ನಿನ್ನೆ ಹಗಲು ಅಥವಾ ರಾತ್ರಿ ಮಗುವಿಗೆ ನೀರು ಕೊಟ್ಟಿರಾ, ಹಣ್ಣಿನ ರಸ ಕೊಟ್ಟಿರಾ, ಬೇರೆ ಹಾಲು ಕೊಟ್ಟಿರಾ, ಡಬ್ಬಿಯ ಪುಡಿಹಾಲು ಕೊಟ್ಟಿರಾ, ಗಟ್ಟಿ ಆಹಾರವೇನಾದರೂ ಕೊಟ್ಟಿರಾ ಎಂದು ಒಂದೊಂದಾಗಿ ವಿಚಾರಿಸುತ್ತಾಳೆ. ಎದೆಹಾಲಿಗೆ “ಹೌದು” ಎಂದೂ ಉಳಿದೆಲ್ಲಕ್ಕೂ “ಇಲ್ಲ” ಎಂದೂ ಉತ್ತರ ಬಂದರೆ ಆ ಶಿಶುವನ್ನು “ಕೇವಲ ಎದೆಹಾಲು” ಎಂಬ ವರ್ಗಕ್ಕೆ ಅನಂತರ ಸೇರಿಸಲಾಗುತ್ತದೆ. ಎಂದರೆ ಈ ವರ್ಗವು ತಾಯಿಯ ಬಾಯಿಂದ ಬಂದದ್ದಲ್ಲ. ಹಲವು “ಇಲ್ಲ”ಗಳನ್ನು ಕೂಡಿಸಿ ಕಟ್ಟಿದ್ದು. ಇದರಿಂದ ಒಂದು ಪರಿಣಾಮ ಅನಿವಾರ್ಯ. ತಾಯಿ ಯಾವುದಾದರೂ ಒಂದನ್ನು ಮರೆತರೆ, ಅಥವಾ ಹೇಳಲು ಸಂಕೋಚಪಟ್ಟರೆ, ಆ ತಪ್ಪು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ವಾಲುತ್ತದೆ: ಪ್ರಮಾಣವನ್ನು ಹೆಚ್ಚಿಸುವ ದಿಕ್ಕಿಗೆ.

ಒಂದೇ ದಿನದ ನೆನಪನ್ನು ಕೇಳುವುದೇಕೆ ಎಂಬ ಆಕ್ಷೇಪಕ್ಕೆ ಸಮಾಧಾನವಿದೆ. ಹುಟ್ಟಿದಂದಿನಿಂದ ಏನೇನು ಕೊಟ್ಟಿರಿ ಎಂದು ಕೇಳಿದರೆ ನೆನಪು ಮಸುಕಾಗಿರುತ್ತದೆ, ನಿನ್ನೆಯದಾದರೆ ಹೊಸದಾಗಿರುತ್ತದೆ. ಬೇರೆ ಬೇರೆ ದೇಶಗಳ ಅಂಕಿಗಳನ್ನು ಹೋಲಿಸಬೇಕಾದರೆ ಎಲ್ಲೆಡೆಯೂ ಒಂದೇ ಅಳತೆ ಬೇಕು. ೧೯೯೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಅಳತೆಗಳನ್ನು ನಿರೂಪಿಸಿತು. ೨೦೦೮ರಲ್ಲಿಯೂ ೨೦೨೧ರಲ್ಲಿಯೂ ಪರಿಷ್ಕರಿಸಿತು. ಮೂರು ಸಲವೂ ಒಂದು ದಿನದ ನೆನಪೆಂಬ ಆಧಾರವನ್ನು ಬಿಡಲಿಲ್ಲ. ಆಯ್ಕೆ ಸಕಾರಣವಾದುದೇ. ಆದರೆ ಹೀಗೆ ಆಯ್ದುಕೊಂಡ ಮೇಲೆ ಅಳತೆಯ ಹೆಸರನ್ನು ಬದಲಾಯಿಸುವ ಅಧಿಕಾರ ನಮಗಿಲ್ಲ. ಮೊನ್ನೆ ನೀರು ಕುಡಿದು ನಿನ್ನೆ ಕುಡಿಯದಿದ್ದ ಶಿಶುವೂ, ನಾಳೆಯಿಂದ ಹಸುವಿನ ಹಾಲಿಗೆ ತೊಡಗಲಿರುವ ಶಿಶುವೂ ಈ ಅಳತೆಯಲ್ಲಿ “ಕೇವಲ ಎದೆಹಾಲಿನ” ಶಿಶುಗಳೇ.

೩

ಈಗ ಮುಖ್ಯ ವಿಷಯಕ್ಕೆ ಬರೋಣ. “ಆರು ತಿಂಗಳೊಳಗಿನ ಶಿಶುಗಳಲ್ಲಿ” ಎಂಬುದಕ್ಕೂ “ಆರು ತಿಂಗಳವರೆಗೆ” ಎಂಬುದಕ್ಕೂ ಇರುವ ಅಂತರವೆಷ್ಟು? ಇದನ್ನು ಮೂರನೆಯ ಸಮೀಕ್ಷೆಯ ಅಂಕಿಗಳಿಂದಲೇ ತಿಳಿಯಬಹುದು. ೨೦೦೫–೦೬ರಲ್ಲಿ ಆರು ತಿಂಗಳೊಳಗಿನ ಎಲ್ಲ ಶಿಶುಗಳನ್ನೂ ಒಟ್ಟಾಗಿ ತೆಗೆದುಕೊಂಡಾಗ ಕೇವಲ ಎದೆಹಾಲಿನ ಪ್ರಮಾಣ ನೂರಕ್ಕೆ ೪೬.೪. ಅದೇ ಶಿಶುಗಳನ್ನು ವಯಸ್ಸಿಗನುಸಾರವಾಗಿ ವಿಂಗಡಿಸಿದಾಗ, ಎರಡು ತಿಂಗಳೊಳಗಿನವುಗಳಲ್ಲಿ ನೂರಕ್ಕೆ ೬೯. ಎರಡು–ಮೂರು ತಿಂಗಳಿನವುಗಳಲ್ಲಿ ೫೧. ನಾಲ್ಕು–ಐದು ತಿಂಗಳಿನವುಗಳಲ್ಲಿ ೨೮.

ಈ ಮೂರು ಅಂಕಿಗಳನ್ನು ನಿಧಾನವಾಗಿ ಓದಬೇಕು. ೪೬.೪ ಎಂಬ ಸರಾಸರಿಯು ಎರಡು ಬೇರೆ ಬೇರೆ ಸ್ಥಿತಿಗಳ ನಡುವೆ ನಿಂತಿದೆ. ಹಸುಗೂಸುಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ತಾಯಿಯ ಹಾಲನ್ನೇ ಕುಡಿಯುತ್ತಿದ್ದುವು. ಐದನೆಯ ತಿಂಗಳ ಸುಮಾರಿಗೆ ಮೂರರಲ್ಲಿ ಒಂದು ಪಾಲೂ ಉಳಿದಿರಲಿಲ್ಲ. “ಆರು ತಿಂಗಳವರೆಗೆ” ಎಂಬ ಮಾತಿಗೆ ಸಮೀಪವಾದ ಅಂಕಿ ಯಾವುದೆಂದು ಕೇಳಿದರೆ ೨೮ನ್ನು ತೋರಿಸಬೇಕಲ್ಲದೆ ೪೬.೪ನ್ನಲ್ಲ. ಆ ೨೮ ಕೂಡ ಹೆಚ್ಚಿನ ಅಂಕಿಯೇ. ಅದರೊಳಗೆ ಹಿಂದಿನ ವಾರಗಳಲ್ಲಿ ಎಂದೋ ನೀರು ಕುಡಿದ ಶಿಶುಗಳೂ ಸೇರಿವೆ. ಆರನೆಯ ತಿಂಗಳು ತುಂಬುವ ಮುನ್ನ ಬೇರೆ ಆಹಾರಕ್ಕೆ ತೊಡಗುವ ಶಿಶುಗಳೂ ಸೇರಿವೆ.

ಇಲ್ಲಿರುವುದು ಗಣಿತದ ತೊಡಕಲ್ಲ, ಓದಿನ ತೊಡಕು. ಒಂದು ಊರಿನ ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ತರಗತಿಯಿಂದ ಏಳನೆಯ ತರಗತಿಯವರೆಗಿನ ಮಕ್ಕಳ ಪೈಕಿ ನೂರಕ್ಕೆ ಅರವತ್ತು ಮಂದಿ ಇಂದು ಹಾಜರಿದ್ದಾರೆಂದು ಹೇಳಿದರೆ, ಅರವತ್ತು ಮಂದಿ ಏಳನೆಯ ತರಗತಿಯನ್ನು ಮುಗಿಸುತ್ತಾರೆಂದು ಯಾರೂ ಅರ್ಥಮಾಡುವುದಿಲ್ಲ. ಸ್ತನ್ಯಪಾನದ ವಿಷಯದಲ್ಲಿ ಮಾತ್ರ ಅದೇ ತಪ್ಪನ್ನು ಕಲಿತವರೂ ಮಾಡುತ್ತಾರೆ. ಇಂದು ಹಾಜರಿರುವವರು ಬೇರೆ, ಕೊನೆಯವರೆಗೆ ನಡೆದುಬಂದವರು ಬೇರೆ.

ಈ ತಪ್ಪಿನಿಂದ ಮರೆಯಾಗುವವರು ಯಾರು? ನಾಲ್ಕು–ಐದು ತಿಂಗಳ ಶಿಶು, ಮತ್ತು ಅದರ ತಾಯಿ. ನಮ್ಮ ನಾಡಿನ ಸಂಪ್ರದಾಯವನ್ನು ನೆನೆದರೆ ಈ ವಯಸ್ಸಿನ ಮಹತ್ತ್ವ ಸ್ಪಷ್ಟವಾಗುತ್ತದೆ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬರುತ್ತಾಳೆ. ಬಾಣಂತನದ ಮೊದಲ ಮೂರು ತಿಂಗಳೋ ಐದು ತಿಂಗಳೋ ಆಕೆಗೆ ವಿಶ್ರಾಂತಿಯುಂಟು. ಮಗು ಮಗ್ಗುಲಲ್ಲಿಯೇ ಇರುತ್ತದೆ. ಅನಂತರ ಆಕೆ ಗಂಡನ ಮನೆಗೆ ಮರಳುತ್ತಾಳೆ. ಮನೆಗೆಲಸ, ಹೊಲದ ಕೆಲಸ, ಕೂಲಿಯ ಕೆಲಸ ಎದುರಾಗುತ್ತವೆ. ಮಗುವಿಗೆ ಇನ್ನೊಬ್ಬರು ಹಾಲು ಕುಡಿಸಬೇಕಾಗುವುದು ಆಗಲೇ. ಕೇವಲ ಎದೆಹಾಲಿನ ನಿಯಮಕ್ಕೆ ಕಷ್ಟವೊದಗುವುದು ತಿಳಿವಳಿಕೆಯ ಕೊರತೆಯಿಂದಲೇ ಎಂದು ನಮ್ಮ ಪಠ್ಯಗಳು ಹೇಳುತ್ತವೆ. ತಿಳಿವಳಿಕೆಯೇ ಕಾರಣವಾಗಿದ್ದರೆ ಮೊದಲ ತಿಂಗಳಿನಲ್ಲಿಯೂ ಐದನೆಯ ತಿಂಗಳಿನಲ್ಲಿಯೂ ಪ್ರಮಾಣ ಒಂದೇ ತೆರನಾಗಿರಬೇಕಾಗಿತ್ತು. ೬೯ರಿಂದ ೨೮ಕ್ಕೆ ಇಳಿಯುವ ಈ ಇಳಿಜಾರು ಬೇರೊಂದನ್ನು ಸೂಚಿಸುತ್ತದೆ: ತಾಯಿಯ ಸಮಯ ಯಾರ ಅಧೀನದಲ್ಲಿದೆ ಎಂಬುದನ್ನು.

೨೦೧೭ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಗೆ ತಿದ್ದುಪಡಿ ಮಾಡಿ, ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆಯನ್ನು ೧೨ ವಾರಗಳಿಂದ ೨೬ ವಾರಗಳಿಗೆ ಏರಿಸಲಾಯಿತು. ಇಪ್ಪತ್ತಾರು ವಾರವೆಂದರೆ ಆರು ತಿಂಗಳು. ಲೆಕ್ಕ ಚೆನ್ನಾಗಿ ಹೊಂದುತ್ತದೆ. ಆದರೆ ಈ ರಜೆ ಸಂಬಳದ ಪಟ್ಟಿಯಲ್ಲಿ ಹೆಸರುಳ್ಳವರಿಗೆ. ಹೊಲದಲ್ಲಿ ಕಳೆ ಕೀಳುವವಳಿಗೆ, ಬೀಡಿ ಕಟ್ಟುವವಳಿಗೆ, ಮನೆ ಕಟ್ಟುವಲ್ಲಿ ಜಲ್ಲಿ ಹೊರುವವಳಿಗೆ ಅದು ತಲಪುವುದಿಲ್ಲ. ಸಮಗ್ರ ಸರಾಸರಿಯನ್ನೇ ಉದ್ಧರಿಸುತ್ತ ಹೋದರೆ ಇವರ ಶಿಶುಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

೪

ಕಾಲಾನುಕ್ರಮದ ಹೋಲಿಕೆ ಎರಡನೆಯ ಪ್ರಶ್ನೆ. ೪೬.೪, ೫೪.೯, ೬೩.೭: ಮೂರನೆಯ, ನಾಲ್ಕನೆಯ, ಐದನೆಯ ಸಮೀಕ್ಷೆಗಳ ಅಂಕಿಗಳು ಕ್ರಮವಾಗಿ ಹೀಗಿವೆ. ಪ್ರಶ್ನೆಯೂ ವಯಸ್ಸಿನ ಮಿತಿಯೂ ಒಂದೇ ತೆರನಾಗಿರುವುದರಿಂದ ಈ ಏರಿಕೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಒಂದು ದಿನದ ನೆನಪಿನಿಂದ ಬರುವ ಉತ್ಪ್ರೇಕ್ಷೆ ಮೂರು ಸುತ್ತುಗಳಲ್ಲಿಯೂ ಸಮನಾಗಿದ್ದರೆ, ಏರಿಕೆ ನಿಜವೆಂದೇ ಒಪ್ಪಬೇಕಾಗುತ್ತದೆ.

ಹಿಂದಿನ ಎರಡು ಸುತ್ತುಗಳನ್ನು ಇದೇ ಸಾಲಿಗೆ ಸೇರಿಸುವವರು ಮಾತ್ರ ಎಚ್ಚರದಿಂದಿರಬೇಕು. ಎರಡನೆಯ ಸಮೀಕ್ಷೆಯ ವರದಿಯಲ್ಲಿ ನೂರಕ್ಕೆ ೫೫ ಎಂಬ ಅಂಕಿಯಿದೆ. ಅದು ನಾಲ್ಕು ತಿಂಗಳೊಳಗಿನ ಶಿಶುಗಳದು. ಆರು ತಿಂಗಳವರೆಗೂ ಎದೆಹಾಲನ್ನು ಮಾತ್ರ ಕೊಡಬೇಕೆಂದು ವಿಶ್ವ ಆರೋಗ್ಯ ಸಭೆ ನಿರ್ಣಯಿಸಿದ್ದು ೨೦೦೧ರಲ್ಲಿ. ಅದಕ್ಕೆ ಮೊದಲು ನಾಲ್ಕರಿಂದ ಆರು ತಿಂಗಳು ಎಂಬ ಮಾತು ಬಳಕೆಯಲ್ಲಿತ್ತು. ಈ ಭೇದವನ್ನು ಗಮನಿಸದೆ ೫೫ರ ಪಕ್ಕದಲ್ಲಿ ೪೬.೪ನ್ನಿಟ್ಟು, ೧೯೯೮ರಿಂದ ೨೦೦೬ರವರೆಗೆ ಸ್ತನ್ಯಪಾನ ಕ್ಷೀಣಿಸಿತೆಂದು ಬರೆದರೆ, ಅಳತೆಗೋಲು ಬದಲಾದದ್ದನ್ನು ಜನರ ನಡತೆ ಬದಲಾದದ್ದೆಂದು ಬರೆದಂತಾಗುತ್ತದೆ.

ಇನ್ನೂ ದೊಡ್ಡ ತೊಡಕು ಬೇರೆ ಸಮೀಕ್ಷೆಗಳಿಂದ ಬರುತ್ತದೆ. ೨೦೧೩–೧೪ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮಂತ್ರಾಲಯವು ಯುನಿಸೆಫ್ ನೆರವಿನಿಂದ ಮಕ್ಕಳ ಕ್ಷಿಪ್ರ ಸಮೀಕ್ಷೆಯೊಂದನ್ನು ನಡೆಸಿತು. ಅದರಲ್ಲಿ ಕೇವಲ ಎದೆಹಾಲಿನ ಪ್ರಮಾಣ ೬೪.೯. ೨೦೧೬–೧೮ರ ಸಮಗ್ರ ರಾಷ್ಟ್ರೀಯ ಪೋಷಣ ಸಮೀಕ್ಷೆಯಲ್ಲಿ ೫೮. ಇವುಗಳನ್ನು ಕಾಲಕ್ರಮದಲ್ಲಿ ಒಂದೇ ಸಾಲಿನಲ್ಲಿಟ್ಟರೆ ೪೬.೪, ೬೪.೯, ೫೪.೯, ೫೮, ೬೩.೭ ಎಂದಾಗುತ್ತದೆ. ನೇರವಾಗಿ ಏರುತ್ತಿದ್ದ ಗೆರೆ ಈಗ ಹತ್ತಿ, ಇಳಿದು, ಮತ್ತೆ ಹತ್ತುತ್ತದೆ. ಎರಡೇ ವರ್ಷಗಳಲ್ಲಿ ದೇಶದ ತಾಯಂದಿರಲ್ಲಿ ನೂರಕ್ಕೆ ಹತ್ತು ಮಂದಿ ಒಮ್ಮೆಗೇ ನೀರು ಕೊಡಲು ತೊಡಗಿದರೆಂದು ಯಾರೂ ನಂಬಲಾರರು. ಬದಲಾದದ್ದು ಪ್ರಶ್ನೆ ಕೇಳಿದ ರೀತಿ, ಕೇಳಿದವರ ತರಬೇತಿ, ಮಾದರಿಯ ಆಯ್ಕೆ ಇವುಗಳಲ್ಲಿ ಯಾವುದಾದರೂ ಇರಬೇಕು. ಎರಡು ಸಮೀಕ್ಷೆಗಳ ನಡುವೆ ಹತ್ತರಷ್ಟು ಅಂತರ ಬರುವುದು ಸಾಧ್ಯವಾದರೆ, ನಾಲ್ಕನೆಯ ಹಾಗೂ ಐದನೆಯ ಸುತ್ತುಗಳ ನಡುವಿನ ೮.೮ರ ಏರಿಕೆಯನ್ನು ಎಷ್ಟು ಧೈರ್ಯದಿಂದ ಸಾರಬಹುದೆಂಬುದು ವಿಚಾರಾರ್ಹ.

ಉತ್ಪ್ರೇಕ್ಷೆ ಎಲ್ಲ ಸುತ್ತುಗಳಲ್ಲಿಯೂ ಸಮನಾಗಿತ್ತೆಂಬ ಊಹೆಗೂ ಒಂದು ಬಾಧಕವಿದೆ. ೨೦೧೬ರ ಆಗಸ್ಟಿನಲ್ಲಿ ಸರ್ಕಾರವು “ಮಾ” ಎಂಬ ಹೆಸರಿನ ಸ್ತನ್ಯಪಾನ ಪ್ರೋತ್ಸಾಹ ಕಾರ್ಯಕ್ರಮವನ್ನು ಆರಂಭಿಸಿತು. ಆಶಾ ಕಾರ್ಯಕರ್ತೆಯರೂ ಅಂಗನವಾಡಿ ಕಾರ್ಯಕರ್ತೆಯರೂ ಆರು ತಿಂಗಳವರೆಗೆ ನೀರನ್ನೂ ಕೊಡಬಾರದೆಂದು ಮನೆಮನೆಗೆ ಹೇಳುತ್ತ ಬಂದಿದ್ದಾರೆ. ಇದು ಶ್ಲಾಘ್ಯವಾದ ಕೆಲಸ. ಆದರೆ ಈ ಉಪದೇಶ ಕೇಳಿದ ತಾಯಿಯ ಮನೆಗೆ ಅನಂತರ ಸಂದರ್ಶಕಿಯೊಬ್ಬಳು ಬಂದು “ನಿನ್ನೆ ನೀರು ಕೊಟ್ಟಿರಾ?” ಎಂದು ಕೇಳಿದಾಗ, ಸರಿಯಾದ ಉತ್ತರ ಯಾವುದೆಂಬುದು ಆಕೆಗೆ ಮೊದಲೇ ಗೊತ್ತಿರುತ್ತದೆ. ಉಪದೇಶವು ನಡತೆಯನ್ನು ಎಷ್ಟು ತಿದ್ದಿತು, ಉತ್ತರವನ್ನು ಎಷ್ಟು ತಿದ್ದಿತು ಎಂಬುದನ್ನು ಈ ಪ್ರಶ್ನಾವಳಿಯಿಂದ ಬೇರ್ಪಡಿಸಿ ಹೇಳಲಾಗದು.

ಭಾಷೆಯ ಪ್ರಶ್ನೆಯೂ ಇದರೊಡನೆ ಸೇರಿದೆ. ಸಂದರ್ಶನ ನಡೆಯುವುದು ಆಯಾ ರಾಜ್ಯದ ಭಾಷೆಯಲ್ಲಿ. ನಮ್ಮ ಕಡೆಯ ಮನೆಗಳಲ್ಲಿ ಕೂಸಿಗೆ ಬಜೆ ತೇಯ್ದು ನೆಕ್ಕಿಸುತ್ತಾರೆ, ಜೇನುತುಪ್ಪವನ್ನೂ ನೆಕ್ಕಿಸುತ್ತಾರೆ, ಒಳಲೆಯಲ್ಲಿ ಒಂದೆರಡು ಗುಟುಕು ಏನನ್ನಾದರೂ ಹಾಕುತ್ತಾರೆ. ಕನ್ನಡದಲ್ಲಿ “ಕುಡಿಸುವುದು” ಬೇರೆ, “ನೆಕ್ಕಿಸುವುದು” ಬೇರೆ, “ಹಾಕುವುದು” ಬೇರೆ. ಕುಡಿಸಿದಿರಾ ಎಂದು ಕೇಳಿದರೆ, ನೆಕ್ಕಿಸಿದ ತಾಯಿ ಇಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳಬಹುದು. ಬಜೆಯೂ ಗ್ರೈಪ್ ವಾಟರೂ ಆಕೆಯ ದೃಷ್ಟಿಯಲ್ಲಿ ಆಹಾರವಲ್ಲ, ಮದ್ದು. ಮದ್ದಿಗೆ ನಿರೂಪಣೆಯಲ್ಲಿಯೂ ಅನುಮತಿಯಿದೆ; ಆದರೆ ಅಜ್ಜಿಯ ಮದ್ದು ಆ ಅನುಮತಿಯೊಳಗೆ ಸೇರುತ್ತದೆಯೇ? ಇದನ್ನು ನಿರ್ಧರಿಸುವವಳು ಮನೆಯ ಜಗುಲಿಯಲ್ಲಿ ಕುಳಿತ ಸಂದರ್ಶಕಿ. ಆಕೆಯ ನಿರ್ಧಾರವೇ ಕೊನೆಗೆ ರಾಷ್ಟ್ರದ ಅಂಕಿಯಾಗಿ ಅಚ್ಚಾಗುತ್ತದೆ. ಭಾಷಾಂತರದ ಈ ಪ್ರಶ್ನೆಯು ನಮ್ಮ ಭಾಷಾ ವಿಭಾಗಗಳವರೂ ಸಮಾಜಶಾಸ್ತ್ರದವರೂ ಒಟ್ಟಾಗಿ ಪರಿಶೀಲಿಸತಕ್ಕದ್ದು.

೫

ಕೇವಲ ಎದೆಹಾಲಿನ ಅಂಕಿಗೆ ದೊರೆತ ಪ್ರಚಾರದ ಕಾಲುಭಾಗವೂ ಇನ್ನೊಂದು ಅಂಕಿಗೆ ದೊರೆತಿಲ್ಲ. ಜನಿಸಿದ ಒಂದು ಗಂಟೆಯೊಳಗೆ ಮೊಲೆಯುಂಡ ಮೂರು ವರ್ಷದೊಳಗಿನ ಮಕ್ಕಳ ಪ್ರಮಾಣವು ೨೦೦೫–೦೬ರಲ್ಲಿ ೨೩.೪ ಇತ್ತು, ೨೦೧೫–೧೬ರಲ್ಲಿ ೪೧.೬, ೨೦೧೯–೨೧ರಲ್ಲಿ ೪೧.೮. ಆಸ್ಪತ್ರೆಯಲ್ಲಿ ಆದ ಹೆರಿಗೆಗಳ ಪ್ರಮಾಣ ಅದೇ ಮೂರು ಸುತ್ತುಗಳಲ್ಲಿ ೩೮.೭, ೭೮.೯, ೮೮.೬.

ಈ ಎರಡು ಸಾಲುಗಳನ್ನು ಜೊತೆಯಾಗಿ ಓದಿದಾಗ ಮೊದಲ ದಶಕದಲ್ಲಿ ಎರಡೂ ಒಟ್ಟಿಗೆ ಏರಿದುವೆಂದು ಕಾಣುತ್ತದೆ. ಮನೆಯಲ್ಲಿ ಹೆರಿಗೆಯಾದಾಗ ಮೊದಲ ಹಳದಿ ಬಣ್ಣದ ಗಟ್ಟಿ ಹಾಲನ್ನು ಹಿಂಡಿ ಚೆಲ್ಲುವುದು, ಎರಡು ಮೂರು ದಿನ ಸಕ್ಕರೆ ನೀರು ಕೊಡುವುದು, ಇಂಥ ರೂಢಿಗಳು ತಡೆಯಾಗಿದ್ದುವು. ಆಸ್ಪತ್ರೆಯಲ್ಲಿ ದಾದಿಯರಿದ್ದಾರೆ, ವೈದ್ಯರಿದ್ದಾರೆ. ಅಲ್ಲಿ ಆ ತಡೆಗಳು ನಿವಾರಣೆಯಾಗುವುವೆಂಬ ನಿರೀಕ್ಷೆ ಸಹಜವಾದುದೇ. ಅನಂತರ ಏನಾಯಿತು? ಆಸ್ಪತ್ರೆಯ ಹೆರಿಗೆ ಮತ್ತೆ ಹತ್ತರಷ್ಟು ಏರಿದರೂ ಮೊದಲ ಗಂಟೆಯ ಮೊಲೆಯೂಡಿಕೆ ನಿಂತಲ್ಲಿಯೇ ನಿಂತಿತು. ಹತ್ತರಲ್ಲಿ ಒಂಬತ್ತು ಮಕ್ಕಳು ಆಸ್ಪತ್ರೆಯಲ್ಲಿ ಹುಟ್ಟುತ್ತಿರುವಾಗ ಹತ್ತರಲ್ಲಿ ಆರು ಮಕ್ಕಳಿಗೆ ಮೊದಲ ಗಂಟೆಯಲ್ಲಿ ತಾಯಿಯ ಹಾಲು ದೊರೆಯದಿದ್ದರೆ, ಅದರ ಹೊಣೆಯನ್ನು ಅಜ್ಜಿಯರ ಮೇಲೆ ಹೊರಿಸುವುದು ಇನ್ನು ಸಾಧ್ಯವಿಲ್ಲ.

ಇದೇ ಅವಧಿಯಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ ದೇಶದಲ್ಲಿ ೧೭.೨ರಿಂದ ೨೧.೫ಕ್ಕೆ ಏರಿತು; ಖಾಸಗಿ ಆಸ್ಪತ್ರೆಗಳಲ್ಲಿ ೪೦.೯ರಿಂದ ೪೭.೪ಕ್ಕೆ. ಶಸ್ತ್ರಕ್ರಿಯೆಯಾದ ತಾಯಿಗೆ ಮಗುವನ್ನು ತಡವಾಗಿ ಕೊಡುವುದು ಸಾಮಾನ್ಯ. ಕರ್ನಾಟಕದ ಅಂಕಿಗಳು ಇನ್ನೂ ಸ್ಪಷ್ಟವಾಗಿ ಮಾತನಾಡುತ್ತವೆ. ನಾಲ್ಕನೆಯ ಸುತ್ತಿನಿಂದ ಐದನೆಯ ಸುತ್ತಿಗೆ ನಮ್ಮ ರಾಜ್ಯದಲ್ಲಿ ಆಸ್ಪತ್ರೆಯ ಹೆರಿಗೆ ನೂರಕ್ಕೆ ಸುಮಾರು ೯೪ರಿಂದ ೯೭ಕ್ಕೆ ಏರಿತು. ಸಿಸೇರಿಯನ್ ಸುಮಾರು ೨೪ರಿಂದ ೩೧ಕ್ಕೂ ಮೇಲೇರಿತು. ಕೇವಲ ಎದೆಹಾಲಿನ ಪ್ರಮಾಣ ಸುಮಾರು ೫೪ರಿಂದ ೬೧ಕ್ಕೆ ಏರಿತು. ಮೊದಲ ಗಂಟೆಯ ಮೊಲೆಯೂಡಿಕೆ ಮಾತ್ರ ಸುಮಾರು ೫೬ರಿಂದ ೪೯ಕ್ಕೆ ಇಳಿಯಿತು. ಇಂಥ ಒಟ್ಟು ಅಂಕಿಗಳಿಂದಲೇ ಕಾರ್ಯಕಾರಣವನ್ನು ಸ್ಥಾಪಿಸಲಾಗದೆಂಬುದನ್ನು ನಾವು ಬಲ್ಲೆವು. ಆದರೆ ಪ್ರಶ್ನೆಯನ್ನು ಎಲ್ಲಿ ಕೇಳಬೇಕೆಂಬುದನ್ನು ಅವು ನಿಸ್ಸಂದೇಹವಾಗಿ ತೋರಿಸುತ್ತವೆ: ತಾಯಿಯ ಮನೆಯ ಬಾಗಿಲಲ್ಲಿ ಅಲ್ಲ, ಹೆರಿಗೆಯ ಕೋಣೆಯ ಬಾಗಿಲಲ್ಲಿ.

ಈ ಅಂಕಿಯೂ ದೋಷರಹಿತವಲ್ಲ. ಎರಡು ವರ್ಷದ ಹಿಂದೆ ಹೆತ್ತ ತಾಯಿಯನ್ನು, ಹುಟ್ಟಿದ ಎಷ್ಟು ಹೊತ್ತಿಗೆ ಮಗುವಿಗೆ ಮೊಲೆಯೂಡಿಸಿದಿರಿ ಎಂದು ಕೇಳಿದರೆ, ಗಡಿಯಾರ ನೋಡಿದ ನೆನಪು ಆಕೆಗಿರುವುದಿಲ್ಲ. ಅರಿವಳಿಕೆಯ ಮಂಪರಿನಲ್ಲಿದ್ದವಳಿಗಂತೂ ಹೊತ್ತಿನ ಪರಿವೆಯೇ ಇರಲಾರದು. ೨೦೧೬–೧೮ರ ಪೋಷಣ ಸಮೀಕ್ಷೆಯಲ್ಲಿ ಇದೇ ಪ್ರಮಾಣ ೫೭ ಎಂದು ಬಂದಿದೆ. ಅದರ ಮುಂಚಿನ ಹಾಗೂ ಅನಂತರದ ರಾಷ್ಟ್ರೀಯ ಸಮೀಕ್ಷೆಗಳು ೪೧ ಚಿಲ್ಲರೆಯನ್ನು ಹೇಳುವಾಗ, ನಡುವಿನದು ಹದಿನೈದರಷ್ಟು ಹೆಚ್ಚಾಗಿರುವುದು ನಡತೆಯ ಏರಿಳಿತವಾಗಿರಲಾರದು. ಪೋಷಣ ಸಮೀಕ್ಷೆಯು ಎರಡು ವರ್ಷದೊಳಗಿನ ಮಕ್ಕಳನ್ನು ಆಧಾರವಾಗಿಟ್ಟುಕೊಂಡಿತು. ರಾಷ್ಟ್ರೀಯ ಸಮೀಕ್ಷೆಯ ಸಂಗ್ರಹಪತ್ರ ಮೂರು ವರ್ಷದೊಳಗಿನವರನ್ನು. ಛೇದವು ಬೇರೆಯಾದಾಗ ಭಿನ್ನರಾಶಿಯೂ ಬೇರೆಯಾಗುತ್ತದೆ. ಅಲ್ಲದೆ ೨೦೧೯–೨೧ ಎಂಬ ಶೀರ್ಷಿಕೆಯ ಕೆಳಗಿರುವ ಹುಟ್ಟುಗಳು ೨೦೧೬ರಿಂದ ೨೦೨೧ರವರೆಗೆ ಹರಡಿರಬಹುದು. ಆ ಸುತ್ತಿನ ಕ್ಷೇತ್ರಕಾರ್ಯವೂ ಎರಡು ಹಂತಗಳಲ್ಲಿ ನಡೆಯಿತು. ಕರ್ನಾಟಕವೇ ಮೊದಲಾದ ರಾಜ್ಯಗಳಲ್ಲಿ ಕೋವಿಡ್ ಪಿಡುಗಿಗೆ ಮುಂಚೆಯೇ ಮುಗಿಯಿತು. ಉತ್ತರ ಪ್ರದೇಶ, ತಮಿಳುನಾಡು ಮುಂತಾದ ಕಡೆಗಳಲ್ಲಿ ಪಿಡುಗಿನ ಕಾಲಕ್ಕೆ ಸಿಕ್ಕಿ ನಿಂತು, ೨೦೨೧ರ ಏಪ್ರಿಲ್ ಕೊನೆಗೆ ಮುಗಿಯಿತು. ರಾಷ್ಟ್ರದ ಒಂದೇ ಅಂಕಿಯೊಳಗೆ ಈ ಎರಡು ಕಾಲಗಳೂ ಬೆರೆತಿವೆ.

೬

ಕೊನೆಯದಾಗಿ ಜಿಲ್ಲೆಯ ಅಂಕಿಗಳ ವಿಷಯ. ನಾಲ್ಕನೆಯ ಸುತ್ತಿನಿಂದ ಜಿಲ್ಲಾವಾರು ಸಂಗ್ರಹಪತ್ರಗಳು ಪ್ರಕಟವಾಗುತ್ತಿರುವುದರಿಂದ, ತಮ್ಮ ಜಿಲ್ಲೆಯನ್ನು ನೆರೆಯ ಜಿಲ್ಲೆಯೊಡನೆ ಹೋಲಿಸಿ ಪ್ರಬಂಧ ಬರೆಯುವುದು ವಿದ್ಯಾರ್ಥಿಗಳಲ್ಲಿ ವಾಡಿಕೆಯಾಗಿದೆ. ಅವರಿಗಾಗಿ ಒಂದು ಸ್ಥೂಲವಾದ ಲೆಕ್ಕವನ್ನು ಇಲ್ಲಿ ಕೊಡುತ್ತೇವೆ. ಐದನೆಯ ಸುತ್ತು ಒಳಗೊಂಡದ್ದು ೭೦೭ ಜಿಲ್ಲೆಗಳನ್ನು. ಜಿಲ್ಲೆಗೆ ಸರಾಸರಿ ೯೦೦ ಮನೆಗಳು. ಮನೆಗೆ ನಾಲ್ಕೂವರೆ ಜನರಂತೆ ಸುಮಾರು ನಾಲ್ಕು ಸಾವಿರ ಜನ. ಸಾವಿರಕ್ಕೆ ಇಪ್ಪತ್ತರ ಜನನ ಪ್ರಮಾಣವನ್ನು ಹಿಡಿದರೆ ವರ್ಷಕ್ಕೆ ಎಂಬತ್ತು ಹುಟ್ಟುಗಳು. ಆರು ತಿಂಗಳೊಳಗಿನ ಶಿಶುಗಳು ನಲವತ್ತು. ಒಂದು ಜಿಲ್ಲೆಯ ಕೇವಲ ಎದೆಹಾಲಿನ ಪ್ರಮಾಣವು ಹೀಗೆ ನಲವತ್ತು ಶಿಶುಗಳ ಮೇಲೆ ನಿಂತಿದೆ. ಅವುಗಳಲ್ಲಿ ಇಪ್ಪತ್ತನಾಲ್ಕು ಎಂದರೆ ನೂರಕ್ಕೆ ಅರವತ್ತು. ಇಬ್ಬರು ತಾಯಂದಿರು ನಿನ್ನೆಯ ಬಿಸಿಲಿಗೆ ಮಗುವಿಗೆ ಒಂದು ಚಮಚ ನೀರು ಹಾಕಿದ್ದರೆ ಅದು ಐವತ್ತೈದಾಗುತ್ತದೆ. ಮಾದರಿಯ ದೋಷವನ್ನು ಗಣಿಸಿದರೆ ಅರವತ್ತು ಎಂಬ ಅಂಕಿಯ ಹಿಂದೆ ನಲವತ್ತೈದರಿಂದ ಎಪ್ಪತ್ತೈದರವರೆಗಿನ ಯಾವುದೂ ಇರಬಹುದು. ಸಮೀಕ್ಷೆಯವರು ಇದನ್ನು ಮರೆಮಾಡಿಲ್ಲ. ಐವತ್ತಕ್ಕಿಂತ ಕಡಿಮೆ ಮಕ್ಕಳಿದ್ದೆಡೆ ಅಂಕಿಯನ್ನು ಆವರಣ ಚಿಹ್ನೆಯೊಳಗಿಡುತ್ತಾರೆ. ಇಪ್ಪತ್ತೈದಕ್ಕಿಂತ ಕಡಿಮೆಯಿದ್ದರೆ ಅಂಕಿಯ ಬದಲು ನಕ್ಷತ್ರವನ್ನು ಮಾತ್ರ ಹಾಕುತ್ತಾರೆ. ಉದ್ಧರಿಸುವವರು ಆವರಣವನ್ನು ಕಿತ್ತು ಅಂಕಿಯನ್ನು ಮಾತ್ರ ಒಯ್ಯುತ್ತಾರೆ.

ತವರಿನ ಪದ್ಧತಿಯಿಂದಲೂ ಇಲ್ಲಿ ಒಂದು ತೊಡಕುಂಟು. ಹಿಂದಿನ ರಾತ್ರಿ ಆ ಮನೆಯಲ್ಲಿ ತಂಗಿದ್ದ ಸ್ತ್ರೀಯರನ್ನು, ಅತಿಥಿಗಳಾದರೂ, ಸಮೀಕ್ಷೆಯು ಸಂದರ್ಶಿಸುತ್ತದೆ. ಆದ್ದರಿಂದ ಬಾಣಂತಿ ಲೆಕ್ಕದಿಂದ ಬಿಟ್ಟುಹೋಗುವುದಿಲ್ಲ. ಇದು ಸ್ತುತ್ಯವಾದ ಏರ್ಪಾಡು. ಆದರೆ ಬೆಂಗಳೂರಿನಲ್ಲಿ ಸಂಸಾರ ಹೂಡಿದವಳು ಹಾಸನ ಜಿಲ್ಲೆಯ ಹಳ್ಳಿಯ ತವರಿನಲ್ಲಿದ್ದರೆ ಆಕೆಯ ಶಿಶು ಹಾಸನದ ಗ್ರಾಮಾಂತರದ ಶಿಶುವಾಗಿ, ತವರಿನ ಸಿರಿತನ–ಬಡತನಗಳಿಗನುಗುಣವಾಗಿ ಎಣಿಕೆಯಾಗುತ್ತದೆ. ನಗರದ ಶಿಶುಗಳ ಮೊದಲ ತಿಂಗಳುಗಳು ಹಳ್ಳಿಯ ಲೆಕ್ಕಕ್ಕೂ, ಅವುಗಳ ಐದನೆಯ ತಿಂಗಳು ನಗರದ ಲೆಕ್ಕಕ್ಕೂ ಸೇರುವ ಸಂಭವವಿದೆ. ನಗರ–ಗ್ರಾಮಗಳ ಅಂತರವನ್ನು ವಿವರಿಸಹೊರಡುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಹಾಗಾದರೆ ಈ ಅಂಕಿಗಳನ್ನು ಬಿಟ್ಟುಬಿಡಬೇಕೇ ಎಂದು ವಾಚಕರು ಕೇಳಬಹುದು. ನಮ್ಮ ಉತ್ತರ ಸರ್ವಥಾ ಇಲ್ಲ ಎಂಬುದೇ. ೨೦೧೨ರಲ್ಲಿ ವಿಶ್ವ ಆರೋಗ್ಯ ಸಭೆಯು ೨೦೨೫ರೊಳಗೆ ಕೇವಲ ಎದೆಹಾಲಿನ ಪ್ರಮಾಣವನ್ನು ನೂರಕ್ಕೆ ಐವತ್ತಕ್ಕಾದರೂ ಏರಿಸಬೇಕೆಂಬ ಗುರಿಯನ್ನಿಟ್ಟಿತು. ನಮ್ಮ ದೇಶ ೨೦೧೫–೧೬ರ ಅಂಕಿಯಲ್ಲಿಯೇ ಅದನ್ನು ದಾಟಿತು. ದಾಟಿದ್ದು ಸಂತೋಷದ ಸಂಗತಿ. ಆದರೆ ಗುರಿ ದಾಟಿದ ಸರಾಸರಿಯೊಳಗೆ ಗುರಿ ಮುಟ್ಟದ ಐದನೆಯ ತಿಂಗಳು ಅಡಗಿರಬಹುದೆಂಬುದನ್ನು ಮರೆಯಬಾರದು. ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ಸೂಚನೆಗಳು ಮೂರೇ. ಒಟ್ಟು ಪ್ರಮಾಣವನ್ನು ಉದ್ಧರಿಸುವಾಗ ಎರಡೆರಡು ತಿಂಗಳ ವಯೋವರ್ಗದ ಕೋಷ್ಟಕವನ್ನೂ ಜೊತೆಗೆ ನೋಡಬೇಕು. ಎರಡು ಸಮೀಕ್ಷೆಗಳನ್ನು ಹೋಲಿಸುವ ಮುನ್ನ ಎರಡರ ಛೇದಗಳನ್ನೂ ಪ್ರಶ್ನೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಮೊದಲ ಗಂಟೆಯ ಅಂಕಿಯನ್ನು ಕೇವಲ ಎದೆಹಾಲಿನ ಅಂಕಿಯ ನೆರಳಿನಲ್ಲಿ ಅಡಗಿಸಬಾರದು.

ಲೇಖನದ ಆರಂಭದಲ್ಲಿ ಕಂಡ ವಾಕ್ಯವನ್ನು ಹೀಗೆ ತಿದ್ದಿಕೊಳ್ಳಬಹುದು: “೨೦೧೯–೨೧ರಲ್ಲಿ ನಡೆದ ಸಮೀಕ್ಷೆಯಲ್ಲಿ, ಆರು ತಿಂಗಳೊಳಗಿನ ಶಿಶುಗಳ ಪೈಕಿ ನೂರಕ್ಕೆ ೬೩.೭ ಶಿಶುಗಳಿಗೆ, ಸಂದರ್ಶನದ ಹಿಂದಿನ ಹಗಲು ಮತ್ತು ರಾತ್ರಿ ಎದೆಹಾಲಲ್ಲದೆ ಬೇರೇನನ್ನೂ ಕೊಡಲಿಲ್ಲವೆಂದು ಅವುಗಳ ತಾಯಂದಿರು ಹೇಳಿದರು.” ಈ ವಾಕ್ಯ ಉದ್ದವಾಗಿದೆ, ಸಭೆಯಲ್ಲಿ ಹೇಳಲು ಅನುಕೂಲವಾಗಿಲ್ಲ. ಆದರೆ ಇದರಲ್ಲಿ ಸಮೀಕ್ಷೆಯವರು ಕಂಡದ್ದೆಲ್ಲ ಇದೆ, ಕಾಣದ್ದು ಯಾವುದೂ ಇಲ್ಲ.